ಕಲಬುರಗಿಯಲ್ಲೊಬ್ಬ ಪರದೇಶಿ

ಪರಸ್ಥಳದಿಂದ ಬಂದ ನಂಟರಿಗೆ ಊರು ತೋರಿಸುವುದೆಂದರೆ ಕಲಬುರಗಿಯ ಮಂದಿಗೆ ಬಲು ಪ್ರಿಯವಾದ ಕಾರ್ಯ. ಬೆಳಗಿನ ಹೊತ್ತು ಶರಣಬಸವೇಶ್ವರರ ಗುಡಿ, ಅಲ್ಲಿಂದ ಅಪ್ಪನ ಕೆರೆಯ ದಂಡೆ, ಬಿಸಿಲೇರುವ ಮೊದಲು ಖಾಜಾ ಬಂದೇನವಾಜರ ದರ್ಗಾ, ಜೋಳದ ರೊಟ್ಟಿಯ ಊಟವಾದ ಬಳಿಕ ಕೋಟೆ, ಇಳಿಹೊತ್ತಿನಲ್ಲಿ ಬಹಮನೀ ಸುಲ್ತಾನರ ಸಮಾಧಿಗಳಿರುವ ಸಾತ್ ಗುಂಬಜ್ — ಹೀಗೆ ಒಂದು ಹಗಲಿನ ಕ್ರಮವು ಎಷ್ಟೋ ಮನೆಗಳಲ್ಲಿ ರೂಢಿಯಾಗಿ ನಿಂತಿದೆ. ನಾನೂ ಅನೇಕ ಸಲ ಅನೇಕರೊಡನೆ ಈ ಸುತ್ತನ್ನು ಸುತ್ತಿದ್ದೇನೆ. ಸುತ್ತಿದಾಗಲೆಲ್ಲ, ಐದೂವರೆ ಶತಮಾನಗಳ ಹಿಂದೆ ಇದೇ ಊರನ್ನು ಹಾದುಹೋದ ಒಬ್ಬ ವರ್ತಕನ ನೆನಪು ಬಾರದೆ ಇದ್ದುದಿಲ್ಲ. ಬೀದರವನ್ನು ಕುರಿತು, ಅದರ ಅರಮನೆ, ಸಂತೆ, ಮೆರವಣಿಗೆ, ಕಾವಲುಗಳನ್ನು ಕುರಿತು ಅಷ್ಟೊಂದು ವಿಸ್ತಾರವಾಗಿ ಬರೆದ ಆತನು ಕಲಬುರಗಿಯ ಹೆಸರನ್ನಷ್ಟೆ ಬರೆದಿಟ್ಟು ಮುಂದಕ್ಕೆ ನಡೆದುಬಿಟ್ಟನು. ಊರನ್ನು ಪ್ರೀತಿಸುವವನಿಗೆ ಇದೊಂದು ಸಣ್ಣ ನೋವೇ ಸರಿ. ಆ ನೋವಿನ ಬೆನ್ನುಹತ್ತಿಯೇ ನಾನು ಅವನ ಬರೆಹವನ್ನು ಮತ್ತೆ ಮತ್ತೆ ಓದಿದುದು.

ಅವನ ಹೆಸರು ಅಫನಾಸಿ ನಿಕಿತಿನ್. ರಷ್ಯಾದೇಶದಲ್ಲಿ ವೋಲ್ಗಾ ನದಿಯ ಮೇಲಿನ ತ್ವೇರ್ ಎಂಬ ನಗರದವನು. 1460ರ ದಶಕದ ಕೊನೆಯ ಭಾಗದಲ್ಲಿ ಸರಕು ತುಂಬಿದ ದೋಣಿಗಳೊಡನೆ ಹೊಳೆಯ ಗುಂಟ ಕೆಳಕ್ಕೆ ಹೊರಟವನನ್ನು ಅಸ್ತ್ರಾಖಾನದ ಸಮೀಪದಲ್ಲಿ ತಾರ್ತರರು ದೋಚಿದರು. ಕೈ ಬರಿದಾಯಿತು, ತಲೆಯ ಮೇಲೆ ಸಾಲವಿದ್ದಿತು. ಊರಿನಲ್ಲಿ ಅಷ್ಟಿಷ್ಟು ಆಸ್ತಿಯುಳ್ಳ ಸಂಗಡಿಗರು ಹಿಂದಿರುಗಿದರು, ಸಾಲಗಾರರು ಕಣ್ಣು ಕಂಡ ಕಡೆಗೆ ನಡೆದರು ಎಂಬುದಾಗಿ ಅವನೇ ಹೇಳಿಕೊಂಡಿದ್ದಾನೆ. ಅವನು ದರ್ಬೆಂದಿಗೆ ಹೋದನು, ಬಾಕುವಿಗೆ ಹೋದನು, ಕಾಸ್ಪಿಯನ್ ಸಮುದ್ರವನ್ನು ದಾಟಿ ಪಾರಸೀಕ ದೇಶದ ಊರೂರುಗಳನ್ನು ಹಾದು ಹೋರ್ಮುಜ್ ಬಂದರನ್ನು ಸೇರಿದನು. ದಖನಿನಲ್ಲಿ ಕುದುರೆಗೆ ಒಳ್ಳೆಯ ಬೆಲೆಯುಂಟೆಂದು ಕೇಳಿ, ಒಂದೇ ಒಂದು ಗಂಡುಕುದುರೆಯನ್ನು ಕೊಂಡು ಹಡಗಿನಲ್ಲಿ ಹಾಕಿಕೊಂಡು ಕೊಂಕಣದ ಚೌಲ್ ಬಂದರಿನಲ್ಲಿ ಇಳಿದನು. ಅಲ್ಲಿ ಅವನು ಎಲ್ಲಿಗೆ ಹೋದರೂ ಬಿಳಿಯ ಮೈಬಣ್ಣದ ಈ ಮನುಷ್ಯನನ್ನು ಕಂಡು ಬೆರಗಾಗಿ ಜನ ಗುಂಪುಗೂಡಿ ಹಿಂಬಾಲಿಸುತ್ತಿದ್ದರಂತೆ. ನಾವು ಇಂದು ದೇಶಾಂತರಕ್ಕೆ ಹೋಗಿ ಮಹಾನಗರಗಳ ಸೌಧಗಳನ್ನು ತಲೆಯೆತ್ತಿ ನೋಡುತ್ತ ನಿಲ್ಲುತ್ತೇವೆ. ಅವನು ನೋಡಲು ತಲೆಯೆತ್ತುವ ಮೊದಲೇ ಊರು ಅವನನ್ನು ನೋಡತೊಡಗಿದ್ದಿತು.

ಜುನ್ನರದಲ್ಲಿ ಅಲ್ಲಿಯ ಖಾನನು ಆ ಕುದುರೆಯನ್ನು ಕಸಿದುಕೊಂಡು, ಮತಾಂತರನಾದರೆ ಮಾತ್ರ ಮರಳಿ ಕೊಡುವೆನೆಂದನು. ಖುರಾಸಾನದ ಸಜ್ಜನನೊಬ್ಬನು ನಡುವೆ ಬಂದು ಬಿಡಿಸಿದ ಕಾರಣ ಧರ್ಮವೂ ಉಳಿಯಿತು, ಕುದುರೆಯೂ ಉಳಿಯಿತು. ಮಳೆಗಾಲದ ನಾಲ್ಕು ತಿಂಗಳು ಎಲ್ಲೆಲ್ಲೂ ನೀರು ಮತ್ತು ಕೆಸರು ಎಂದು ಅವನು ಬರೆದುದನ್ನು ಓದಿದಾಗ, ಎರೆಯ ಭೂಮಿಯಲ್ಲಿ ಹುಟ್ಟಿ ಬೆಳೆದ ನಮಗೆ ಬೇರೆ ಸಾಕ್ಷ್ಯ ಬೇಕಾಗುವುದಿಲ್ಲ. ಕುದುರೆಗೆ ಇಲ್ಲಿಯವರು ಕಡಲೆಯನ್ನು ತಿನ್ನಿಸುತ್ತಾರೆ, ಸಕ್ಕರೆ ಎಣ್ಣೆ ಬೆರೆಸಿದ ಕಿಚಡಿಯನ್ನೂ ಬೇಯಿಸಿ ಹಾಕುತ್ತಾರೆ ಎಂದು ಅವನು ಬರೆದಿದ್ದಾನೆ. ನಮ್ಮ ಅಡುಗೆಮನೆಯ ಕಿಚಡಿ ಎಂಬ ಮಾತು ಹೀಗೆ ಹದಿನೈದನೆಯ ಶತಮಾನದಲ್ಲಿಯೇ ರಷ್ಯನ್ ಲಿಪಿಯೊಳಗೆ ಹೋಗಿ ಕುಳಿತಿತು.

ಅವನು ಬೀದರವನ್ನು ಮುಟ್ಟಿದ ಕಾಲಕ್ಕೆ ಬಹಮನೀ ರಾಜ್ಯದ ಸಿಂಹಾಸನದ ಮೇಲೆ ಮೂರನೆಯ ಮಹಮ್ಮದ್ ಷಾ ಇದ್ದನು; ಆಡಳಿತದ ಸೂತ್ರಗಳೆಲ್ಲ ಮಹಮೂದ್ ಗವಾನನ ಕೈಯಲ್ಲಿದ್ದವು. ಕಾಸ್ಪಿಯನ್ ತೀರದ ಗೀಲಾನಿನಿಂದ ವರ್ತಕನಾಗಿ ಬಂದು ಮಂತ್ರಿಪದವಿಗೇರಿದ ಈ ಗವಾನನನ್ನು ನಿಕಿತಿನ್ ವರ್ತಕರ ಒಡೆಯನೆಂಬರ್ಥದ ಅವನ ಬಿರುದಿನಿಂದಲೇ ಕರೆಯುತ್ತಾನೆ. ಬೀದರದ ಶ್ರೀಮಂತರು ಬೆಳ್ಳಿಯ ಮಂಚಗಳ ಮೇಲೆ ಕುಳಿತು ಸಾಗುವರು. ಮುಂದೆ ಚಿನ್ನದ ಸಜ್ಜಿನ 20 ಕುದುರೆಗಳು, ಹಿಂದೆ 300 ಸವಾರರು, 500 ಕಾಲಾಳುಗಳು, ಕಹಳೆ ಊದುವವರು, ನಗಾರಿ ಬಾರಿಸುವವರು. ಇದನ್ನೆಲ್ಲ ಬೆರಗಿನಿಂದ ಎಣಿಸಿ ಬರೆದ ಅವನ ಕಣ್ಣು ಇನ್ನೊಂದನ್ನೂ ಬಿಡಲಿಲ್ಲ: ನಾಡಿನ ತುಂಬ ಜನವೋ ಜನ, ಆದರೆ ಹಳ್ಳಿಯ ಮಂದಿ ಕಡುಬಡವರು, ಸಿರಿಯೆಲ್ಲ ದೊರೆಗಳ ಪಾಲು ಎಂಬುದನ್ನು ಅದೇ ಉಸಿರಿನಲ್ಲಿ ಬರೆದಿಟ್ಟನು. ಆಸ್ಥಾನಕವಿಗಳೂ ಬಖೈರುಗಳ ಲೇಖಕರೂ ಹೇಳಲು ಹಿಂಜರಿಯುತ್ತಿದ್ದ ಈ ಮಾತನ್ನು ಹೇಳಲು ಯಾರ ಹಂಗೂ ಇಲ್ಲದ ಒಬ್ಬ ದಾರಿಹೋಕನೇ ಬೇಕಾಯಿತೆಂಬುದನ್ನು ನಾನು ಬಹಳ ದೊಡ್ಡ ಸಂಗತಿಯೆಂದು ತಿಳಿಯುತ್ತೇನೆ.

ಸುಲ್ತಾನನ ಅರಮನೆಗೆ ಏಳು ಬಾಗಿಲುಗಳು. ಒಂದೊಂದು ಬಾಗಿಲಲ್ಲಿಯೂ ನೂರು ಮಂದಿ ಕಾವಲುಗಾರರು, ನೂರು ಮಂದಿ ಈ ನಾಡಿನವರೇ ಆದ ಲೆಕ್ಕಿಗರು. ಒಳಗೆ ಹೋದವರ ಹೆಸರನ್ನು ಕೆಲವರು ಬರೆದುಕೊಂಡರೆ ಹೊರಗೆ ಬಂದವರ ಹೆಸರನ್ನು ಮತ್ತೆ ಕೆಲವರು ಬರೆದುಕೊಳ್ಳುವರು. ಒಳಗಿನ ಕಲ್ಲುಕಲ್ಲೂ ಕೆತ್ತನೆಯದು, ಬಂಗಾರದ ಲೇಪದ್ದು ಎಂದು ಅವನು ಬಣ್ಣಿಸುತ್ತಾನೆ. ಪರದೇಶದವರನ್ನು ಮಾತ್ರ ಒಳಗೆ ಬಿಡುವುದಿಲ್ಲವೆಂದೂ ಅದರ ಜೊತೆಗೇ ಹೇಳುತ್ತಾನೆ. ರಾತ್ರಿ ಕೊತವಾಲನ ಸಾವಿರ ಮಂದಿ ಕವಚ ತೊಟ್ಟು ಕುದುರೆಯೇರಿ, ಕೈಯಲ್ಲಿ ಪಂಜು ಹಿಡಿದು ಊರು ಕಾಯುವರು. ಮಹಾನಗರವೊಂದನ್ನು ನೋಡಲು ಬಂದ ಪ್ರವಾಸಿಗೆ ಇಂದಿಗೂ ಇಷ್ಟೇ ಅಲ್ಲವೆ ದಕ್ಕುವುದು: ಬಾಗಿಲುಗಳ ಸಾಲು, ಕಾವಲಿನವರ ಮುಖ, ರಾತ್ರಿಯ ಬೀದಿಯ ದೀಪ, ಒಳಗಿರುವುದನ್ನು ಕುರಿತ ನಾಲ್ಕಾರು ಕೇಳಿದ ಮಾತು.

ಅವನು ಪರದೇಶಿಯರಿಗೆ ಬಳಸಿದ ಶಬ್ದವು ಇಲ್ಲಿ ಗಮನಿಸತಕ್ಕುದು. ರಷ್ಯನ್ ಭಾಷೆಯಲ್ಲಿ ಬರೆಯುತ್ತಿದ್ದರೂ ಅವನು ಬೀದರದ ಮಾತನ್ನೇ, ಗರೀಬ್ ಎಂಬುದನ್ನೇ, ಎತ್ತಿಕೊಂಡಿದ್ದಾನೆ. ಅರಬ್ಬಿಯಲ್ಲಿ ಅದರ ಮೂಲಾರ್ಥ ಅಪರಿಚಿತ, ಅನ್ಯದೇಶದವನು ಎಂದು. ಬಹಮನೀ ಆಸ್ಥಾನದಲ್ಲಿ ಇರಾನ್ ತುರಾನುಗಳಿಂದ ಬಂದ ಅಮೀರರ ಇಡೀ ಪಂಗಡಕ್ಕೇ ಆ ಹೆಸರಿದ್ದಿತು. ಇಂದು ಕಲಬುರಗಿಯ ಆಡುಮಾತಿನಲ್ಲಿ ಗರೀಬನೆಂದರೆ ಬಡವ, ಅಷ್ಟೆ. ನಮ್ಮದೇ ಆದ ಪರದೇಶಿ ಎಂಬ ಮಾತಿಗೂ ಇದೇ ಗತಿಯಾಗಿದೆ: ಪರದೇಶದವನೆಂಬ ಅರ್ಥವು ಪುಸ್ತಕದಲ್ಲಿ ಉಳಿದು, ಓಣಿಯಲ್ಲಿ ಅದು ದಿಕ್ಕಿಲ್ಲದವನಿಗೆ, ತಂದೆತಾಯಿಗಳಿಲ್ಲದ ಕೂಸಿಗೆ ಹೇಳುವ ಮಾತಾಗಿದೆ. ಮೂಲದಲ್ಲಿ ಸಂಬಂಧವೇ ಇಲ್ಲದ ಎರಡು ಭಾಷೆಗಳ ಎರಡು ಶಬ್ದಗಳು ಒಂದೇ ನೆಲದ ಮೇಲೆ ಒಂದೇ ಅರ್ಥಕ್ಕೆ ಬಂದು ನಿಂತುದನ್ನು ನೆನೆದಾಗ, ಈ ದಾರಿಗಳಲ್ಲಿ ನಡೆದುಹೋದ ಅನ್ಯದೇಶೀಯರ ಪೈಕಿ ಗವಾನನಂತೆ ಮಂತ್ರಿಗಳಾದವರು ಬೆರಳೆಣಿಕೆಯವರು, ಉಳಿದವರು ಯಾರೆಂಬುದನ್ನು ನಮ್ಮ ಜನ ಚೆನ್ನಾಗಿ ಬಲ್ಲರೆಂದು ತೋರುತ್ತದೆ. ನಿಕಿತಿನನಾದರೂ ಖುರಾಸಾನದ ಖೋಜಾ ಯೂಸುಫನೆಂಬ ಹೆಸರಿಟ್ಟುಕೊಂಡು ತಿರುಗಿದನು. ಒಂದು ವರ್ಷ ಸಾಕಿದ ಕುದುರೆಯನ್ನು ಬೀದರದಲ್ಲಿ ಮಾರಿದನು. ತನ್ನ ಧರ್ಮಗ್ರಂಥಗಳು ದರೋಡೆಯಲ್ಲಿ ಹೋದ ಕಾರಣ ಹಬ್ಬ ಯಾವಾಗ, ಉಪವಾಸ ಯಾವಾಗ ಎಂಬುದು ತಿಳಿಯದೆ ಹಲುಬಿದನು. ಒಂದು ಈಸ್ಟರ್ ಹಬ್ಬದಂದು ಬೀದರದಲ್ಲಿ ಆಕಾಶವನ್ನು ನೋಡಿ, ಕೃತ್ತಿಕೆಯು ಬೆಳಗಿನ ಬೆಳಕಿನೊಳಗೆ ಸೇರಿಹೋದುದನ್ನೂ ಸಪ್ತರ್ಷಿಮಂಡಲವು ಮೂಡಲಿಗೆ ತಲೆಮಾಡಿ ನಿಂತುದನ್ನೂ ಬರೆದುಕೊಂಡಿದ್ದಾನೆ.

ಇನ್ನು ಕಲಬುರಗಿ. 1347ರಲ್ಲಿ ಅಲ್ಲಾವುದ್ದೀನ್ ಹಸನನು ದಿಲ್ಲಿಯ ಅಧೀನವನ್ನು ಕಿತ್ತೊಗೆದು ಬಹಮನೀ ರಾಜ್ಯವನ್ನು ಕಟ್ಟಿದಾಗ ಈ ಊರು ರಾಜಧಾನಿಯಾಯಿತು. ಮುಕ್ಕಾಲು ಶತಮಾನದ ಕಾಲ ದಖನಿನ ಹಣೆಬರೆಹವು ಇಲ್ಲಿಯ ಕೋಟೆಯೊಳಗೆ ಬರೆಯಲ್ಪಟ್ಟಿತು. ಅನ್ಯದೇಶದವರಿಗೆ ಈ ಊರು ಅಂದು ಮುಚ್ಚಿದ ಬಾಗಿಲಾಗಿರಲಿಲ್ಲ. ಫಿರೋಜ್ ಷಾ ಸುಲ್ತಾನನು ಗೋವೆ ಮತ್ತು ಚೌಲ್ ಬಂದರುಗಳಿಂದ ವರ್ಷವರ್ಷವೂ ಹಡಗುಗಳನ್ನು ಕಳುಹಿಸಿ ದೇಶದೇಶಗಳ ವಿದ್ವಾಂಸರನ್ನು ಕರೆಸಿಕೊಳ್ಳುತ್ತಿದ್ದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ದಿಲ್ಲಿಯ ಮೇಲೆ ತೈಮೂರನ ದಂಡು ಎರಗುವ ಹೊತ್ತಿಗೆ, 1398ರಲ್ಲಿ, ಆ ನಗರವನ್ನು ಬಿಟ್ಟು ಹೊರಟ ಸಯ್ಯದ್ ಮಹಮ್ಮದ್ ಗೇಸೂದರಾಜರು ಎಂಬತ್ತರ ಮುಪ್ಪಿನಲ್ಲಿ ಇಲ್ಲಿಗೆ ಬಂದು, ಇಲ್ಲಿಯೇ ನೆಲೆನಿಂತು, 1422ರಲ್ಲಿ ದೇಹವಿಟ್ಟರು. ಬಂದೇನವಾಜರೆಂದು ಊರು ಇಂದಿಗೂ ಹರಕೆ ಹೊರುವುದು ಆ ಪರಸ್ಥಳದ ಹಿರಿಯರಿಗೇ.

ಕೋಟೆಯೊಳಗಿನ ಜಾಮಿಯಾ ಮಸೀದಿಯ ಮುಂದೆ ನಿಂತಾಗಲಂತೂ ನನಗೆ ಹೊತ್ತು ಹೋದುದೇ ತಿಳಿಯುವುದಿಲ್ಲ. 1367ರಲ್ಲಿ, ಮೊದಲನೆಯ ಮಹಮ್ಮದ್ ಷಾನ ಆಳಿಕೆಯಲ್ಲಿ, ಇದನ್ನು ಕಟ್ಟಿದವನು ರಫೀ ಎಂಬ ಶಿಲ್ಪಿ; ಶಮ್ಸನ ಮಗ, ಮನ್ಸೂರನ ಮೊಮ್ಮಗ, ಖಜ್ವೀನ್ ಊರಿನವನು ಎಂದು ಶಾಸನವು ಅವನ ಹೆಸರನ್ನು ಉಳಿಸಿದೆ. ದೇವಾಲಯ ಕಟ್ಟಿದ ಎಷ್ಟೋ ರೂವಾರಿಗಳ ಹೆಸರು ನಮ್ಮಲ್ಲಿ ಅಳಿದುಹೋದುದನ್ನು ನೆನೆದರೆ ಇದೊಂದು ಭಾಗ್ಯವೇ ಸರಿ. ಮಸೀದಿಯೆಂದರೆ ನಡುವೆ ತೆರೆದ ಅಂಗಳವಿರಬೇಕೆಂಬುದು ಸಾಮಾನ್ಯ ಪದ್ಧತಿ. ರಫೀಯು ಆ ಪದ್ಧತಿಯನ್ನು ಬಿಟ್ಟು, 216 ಅಡಿ ಉದ್ದ 176 ಅಡಿ ಅಗಲದ ಇಡೀ ನಿವೇಶನವನ್ನು ಛಾವಣಿಯ ಕೆಳಗೆ ತಂದನು. ನಾಲ್ಕು ಮೂಲೆಗಳಲ್ಲಿ ನಾಲ್ಕು ಗುಮ್ಮಟ, ಪಡುವಣದಲ್ಲಿ ಎಲ್ಲಕ್ಕೂ ಮಿಗಿಲಾದ ಒಂದು ಹಿರಿಯ ಗುಮ್ಮಟ, ನಡುವೆ ಸಾಲುಸಾಲಾಗಿ ಸಣ್ಣ ಗುಮ್ಮಟಗಳು. ಮಿನಾರು ಒಂದೂ ಇಲ್ಲ. ಸುತ್ತಲ ಓಣಿಯ ಕಮಾನುಗಳು ಗಿಡ್ಡ ಕಂಬಗಳ ಮೇಲಿಂದ ಎದ್ದು ಅಗಲವಾಗಿ ಹರಡಿಕೊಂಡು ಒಂದರ ಹಿಂದೊಂದು ಕಿರಿದಾಗುತ್ತ ಹೋಗುವುದನ್ನು ನೋಡುವವನಿಗೆ, ಕಲ್ಲುಗಾರೆಗಳಲ್ಲಿ ಕಟ್ಟಿದ ಒಂದು ತೋಪಿನೊಳಗೆ ನಿಂತಂತಾಗುತ್ತದೆ. ಹೊರಗೆ ಕಲಬುರಗಿಯ ಏಪ್ರಿಲ್ ತಿಂಗಳ ಬಿಸಿಲು ಕಲ್ಲನ್ನು ಸುಡುತ್ತಿರುವಾಗ ಒಳಗೆ ಕಾಲಿಟ್ಟವರಿಗೆ ಅಂಗಳವನ್ನು ಏಕೆ ಮುಚ್ಚಿದನೆಂದು ಯಾರೂ ತಿಳಿಸಬೇಕಾಗಿಲ್ಲವೆಂದು ನನ್ನ ಅನಿಸಿಕೆ. ಸ್ಪೇನಿನ ಕಾರ್ಡೋವಾ ಮಸೀದಿಗೆ ಇದನ್ನು ಹೋಲಿಸುವುದು ವಾಡಿಕೆ. ಹೋಲಿಕೆಯ ಆಸರೆಯಿಲ್ಲದೆಯೂ ಇದು ತಾನೇ ತಾನಾಗಿ ನಿಲ್ಲಬಲ್ಲದು.

ಖಜ್ವೀನ್ ಇರುವುದು ಕಾಸ್ಪಿಯನ್ ಸಮುದ್ರದ ತೆಂಕಣಕ್ಕೆ. ಗವಾನನ ಗೀಲಾನು ಅದೇ ಸಮುದ್ರದ ದಡ. ನಿಕಿತಿನನು ದಾಟಿ ಬಂದುದೂ ಅದೇ ನೀರನ್ನು. ಒಬ್ಬನು ಕಟ್ಟಲು ಬಂದನು, ಒಬ್ಬನು ಆಳಲು ಉಳಿದನು, ಮೂರನೆಯವನು ಮಾರಲು ಬಂದು ನಷ್ಟವನ್ನು ಹೊತ್ತು ಹೋದನು. ಮೂರನೆಯವನು ಮೊದಲನೆಯವನ ಕಟ್ಟಡವನ್ನು ಕುರಿತು ಒಂದಕ್ಷರವನ್ನೂ ಬರೆಯಲಿಲ್ಲ. ಇದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಗೇಸೂದರಾಜರು ತೀರಿಕೊಂಡ ವರ್ಷವೇ ಫಿರೋಜನೂ ಅಳಿದು ಅವನ ತಮ್ಮ ಅಹಮದ್ ಷಾ ಪಟ್ಟವೇರಿದನು. ಸ್ವಲ್ಪ ಕಾಲದಲ್ಲಿಯೇ ರಾಜಧಾನಿಯನ್ನು ಬೀದರಕ್ಕೆ ಒಯ್ದನು. ನಿಕಿತಿನನು ಬರುವ ಹೊತ್ತಿಗೆ ಕಲಬುರಗಿಯಿಂದ ಆಸ್ಥಾನ ಹೋಗಿ ನಾಲ್ಕು ದಶಕಗಳೇ ಸಂದಿದ್ದವು. ಆಸ್ಥಾನ ಹೋದ ಮೇಲೆ ಅಮೀರರು ಹೋದರು, ಅಮೀರರ ಹಿಂದೆ ಕುದುರೆಯ ವ್ಯಾಪಾರ ಹೋಯಿತು. ಹೋಗಲಾರದೆ ಉಳಿದವು ಸಮಾಧಿಗಳು. ಮುಜಾಹಿದ್, ದಾವೂದ್, ಗಿಯಾಸುದ್ದೀನ್, ಫಿರೋಜ್ ಎಂಬ ಸುಲ್ತಾನರು ಸಾತ್ ಗುಂಬಜದ ಬಯಲಿನಲ್ಲಿ ಮಲಗಿದ್ದರು. ಸಾಲ ತೀರಿಸಬೇಕಾದ ವರ್ತಕನು ಸಮಾಧಿಗಳ ಊರಿನಲ್ಲಿ ಎಷ್ಟು ಹೊತ್ತು ನಿಂತಾನು? ಅವನ ಲೇಖನಿ ಮತ್ತೆ ಅರಳಿದುದು ಆಳಂದದ ಮಾತು ಬಂದಾಗ. ಶೇಖ್ ಅಲ್ಲಾವುದ್ದೀನರ ನೆನಪಿನಲ್ಲಿ ವರ್ಷಕ್ಕೊಮ್ಮೆ 10 ದಿನ ನಡೆಯುವ ಆ ಜಾತ್ರೆಗೆ ಇಡೀ ದೇಶವೇ ವ್ಯಾಪಾರಕ್ಕೆ ಬಂದು ನೆರೆಯುತ್ತದೆ, ಮಾರಾಟಕ್ಕೆ 20 ಸಾವಿರದಷ್ಟು ಕುದುರೆಗಳು ಬರುತ್ತವೆ, ಹಿಂದೂಸ್ಥಾನದಲ್ಲಿಯೇ ಇದಕ್ಕಿಂತ ಮಿಗಿಲಾದ ಸಂತೆಯಿಲ್ಲ ಎಂದು ಅವನು ಹೊಗಳಿದ್ದಾನೆ. ಆ ಶೇಖರನ್ನು ಲಾಡ್ಲೆ ಮಶಾಯಕರೆಂದು ಕರೆದು ಇಂದಿಗೂ ಹಿಂದೂಗಳೂ ಮುಸಲ್ಮಾನರೂ ಆಳಂದಕ್ಕೆ ನಡೆದುಕೊಳ್ಳುತ್ತಾರೆ.

ಆದರೂ ಅವನು ನಮಗೆ ಕೊಟ್ಟುಹೋದ ಹೆಸರಿನಲ್ಲಿಯೇ ಒಂದು ಉಪಕಾರವಿದೆ. ಬಹಮನೀ ನಾಣ್ಯಗಳ ಮೇಲೆ ಈ ಊರಿನ ಹೆಸರು ಅಹಸನಾಬಾದ್. ಫಾರಸಿ ಲೇಖಕರಿಗೆ ಹೂವಿನ ಗುಲ್ ಸೇರಿದ ಗುಲ್ಬರ್ಗಾ. ನಿಕಿತಿನನು ಇವೆರಡನ್ನೂ ಬರೆಯದೆ, ಕೆಲ್ಬೆರ್ಗ್, ಕೊಲುಬೆರ್ಗ್ ಎಂಬಂತೆ, ಕಕಾರದಿಂದಲೇ ಬರೆದಿದ್ದಾನೆ. ಅರಮನೆಯ ಲೆಕ್ಕಿಗರಿಂದ ಕೇಳಿದ್ದರೆ ಅವನ ಕಿವಿಗೆ ಬೀಳುತ್ತಿದ್ದುದು ಬೇರೆ. ಇದು ಗಾಡಿಯವರ, ಸಂತೆಯವರ ಬಾಯಿಂದ ಬಂದ ಕಲಬುರಗಿಯೆಂದೇ ನಾನು ನಂಬಿದ್ದೇನೆ. 2014ರ ರಾಜ್ಯೋತ್ಸವದ ದಿನ ಸರಕಾರವು ಗುಲ್ಬರ್ಗವನ್ನು ಕಲಬುರಗಿ ಎಂದು ಬದಲಿಸಿದಾಗ, ಹೊಸ ಹೆಸರೆಂದು ಕೆಲವರು ಮಾತನಾಡಿಕೊಂಡುದನ್ನು ಕೇಳಿದ್ದೇನೆ. ವೋಲ್ಗಾ ತೀರದವನೊಬ್ಬನ ಕಿವಿಗೆ ಅದು ಐದೂವರೆ ಶತಮಾನಗಳ ಹಿಂದೆಯೇ ಕೇಳಿಸಿದ್ದಿತು.

ಬೀದರಕ್ಕೂ ಕಲಬುರಗಿಗೂ ನಡುವಣ ಹಳ್ಳಿಗಳನ್ನು ಅವನು ಹೆಸರಿಸಿಲ್ಲ. ಇಂದು ಆ ಎರಡನ್ನು ಕೂಡಿಸುವ ಹೆದ್ದಾರಿಯು ಹುಮನಾಬಾದಿನ ಕಡೆಗೆ ಏರುವ ಮುನ್ನ ಕಮಲಾಪುರದ ಮೇಲೆ ಹಾಯುತ್ತದೆ. ಕಲಬುರಗಿಯಿಂದ ಅಲ್ಲಿಗೆ ಸುಮಾರು 35 ಕಿಲೋಮೀಟರು. ಕಳೆದ ಶಿವರಾತ್ರಿಯ ಹಿಂದುಮುಂದಿನ ಒಂದು ದಿನ ನಾನು ಆ ದಾರಿಯನ್ನು ಹಿಡಿದೆನು. ಎರಡು ಬದಿಗೂ ತೊಗರಿಯ ರಾಶಿ ಮುಗಿದ ಹೊಲಗಳು. ಹೊಳಕುಂದಾ ಹಳ್ಳಿಯ ಬಳಿ ಬಹಮನೀ ಕಾಲದ ಗೋರಿಗಳ ಗುಮ್ಮಟಗಳು ಒಂದಕ್ಕೊಂದು ಒತ್ತಾಗಿ ನಿಂತು, ನೋಡುವವರಿಲ್ಲದೆ ಹಗಲು ಕಳೆಯುತ್ತಿದ್ದವು. ಕಮಲಾಪುರಕ್ಕೆ ಬಂದರೆ ನೆಲದ ರೂಪವೇ ಬೇರೆ: ಹಳ್ಳಕೊಳ್ಳಗಳ ತಂಪಿನಲ್ಲಿ ಬಾಳೆಯ ತೋಟಗಳು. ಇಲ್ಲಿಯ ಕೆಂಪು ಬಾಳೆ ಈಗ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಹಣ್ಣು. ಸಿಪ್ಪೆ ಕೆಂಪು, ಒಳಗೆ ಬೆಣ್ಣೆಯ ಬಣ್ಣ. ಗೊನೆ ಕೈಗೆ ಬರಲು ಹೆಚ್ಚುಕಡಮೆ ಒಂದೂವರೆ ವರ್ಷ ಬೇಕಾಗುವುದರಿಂದ ಬೆಳೆಸುವವನಿಗೆ ಖರ್ಚು ಹೆಚ್ಚು, ಕೊಳ್ಳುವವನಿಗೆ ಬೆಲೆ ಹೆಚ್ಚು.

ರಸ್ತೆಯ ಅಂಚಿನಲ್ಲಿ ಹಣ್ಣಿನ ಬುಟ್ಟಿಯಿಟ್ಟುಕೊಂಡು ಕುಳಿತಿದ್ದ ಮುದುಕಿಯೊಬ್ಬಳು ನನಗೆ ಹಣ್ಣು ಕೊಡುತ್ತ, ತಾನಾಗಿಯೇ ಮಾತು ತೆಗೆದಳು. “ನಮ್ಮ ಹಿರೇ ಮಗ ಪರ್ವತಕ್ಕ ಹೋಗ್ಯಾನ್ರಿ ಯಪ್ಪಾ, ಮಲ್ಲಯ್ಯನ ದರ್ಶನಕ್ಕ. ಅದಕ್ಕ ನಾ ಬಂದು ಕುಂತೀನಿ.”

ನಾನು ಹಣ್ಣು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದೆನು. ನಮ್ಮ ಸೀಮೆಯವರ ಬಾಯಲ್ಲಿ ಶ್ರೀಶೈಲವೆಂಬ ಹೆಸರಿಗಿಂತ ಪರ್ವತವೆಂಬುದೇ ಹೆಚ್ಚು ಬಳಕೆಯದು. ಬೆಟ್ಟಗಳು ಸಾವಿರವಿದ್ದರೂ ಪರ್ವತ ಒಂದೇ, ಅಲ್ಲಿಯ ದೇವರು ಪರ್ವತ ಮಲ್ಲಯ್ಯ. ನಿಕಿತಿನನು ಬರೆದುದೂ ಇದೇ ಮಾತನ್ನು. ಬೀದರದಲ್ಲಿದ್ದಾಗ ಅವನು ಈ ನಾಡಿನ ಜನರ ಪರಿಚಯ ಮಾಡಿಕೊಂಡು, ತಾನು ಮುಸಲ್ಮಾನನಲ್ಲ, ಕ್ರೈಸ್ತನು, ತನ್ನ ನಿಜವಾದ ಹೆಸರು ಇಂಥದು ಎಂಬುದನ್ನು ಅವರ ಮುಂದೆ ಬಿಚ್ಚಿ ಹೇಳಿದನು. ಅಂದಿನಿಂದ ಅವರು ಊಟವನ್ನಾಗಲಿ ವ್ಯಾಪಾರವನ್ನಾಗಲಿ ಪೂಜೆಯನ್ನಾಗಲಿ ಅವನಿಂದ ಮರೆಮಾಚಲಿಲ್ಲ. ಮನೆಯ ಹೆಂಗಸರೂ ಅವನಿಗೆ ಮರೆಯಾಗಲಿಲ್ಲ. ಅವರ ಜೊತೆಯಲ್ಲಿಯೇ ಅವನು ಒಂದು ತಿಂಗಳ ಹಾದಿ ನಡೆದು ಪರ್ವತಕ್ಕೆ ಹೋದನು; ಯೆರೂಸಲೇಮು ತನ್ನವರಿಗೆ ಹೇಗೋ, ಮಕ್ಕಾ ಮುಸಲ್ಮಾನರಿಗೆ ಹೇಗೋ, ಹಾಗೆ ಇದು ಇವರಿಗೆ ಎಂದು ಬರೆದನು. ಗುಡಿಯು ತನ್ನ ತ್ವೇರ್ ನಗರದ ಅರ್ಧದಷ್ಟು ದೊಡ್ಡದಾಗಿ ಅವನಿಗೆ ಕಂಡಿತು. ಗುಡಿಯ ಸುತ್ತಲೂ 12 ಸಾಲುಗಳಲ್ಲಿ ದೇವರ ಲೀಲೆಗಳನ್ನು ಕೆತ್ತಿದುದನ್ನು ಅವನು ಎಣಿಸಿಕೊಂಡನು. ಗುಡಿಯ ಮುಂದಿನ ಕರಿಗಲ್ಲಿನ ನಂದಿಗೆ ಚಿನ್ನದ ಲೇಪವಿದ್ದುದನ್ನೂ, ಭಕ್ತರು ಅದರ ಗೊರಸಿಗೆ ಮುತ್ತಿಟ್ಟು ಹೂವು ಏರಿಸಿದುದನ್ನೂ ಕಂಡನು. ಶ್ರೀಶೈಲದ ಪ್ರಾಕಾರದ ಹೊರಮೈಯಲ್ಲಿ ಸಾಲುಸಾಲಾಗಿ ಕೆತ್ತಿದ ಆನೆ, ಕುದುರೆ, ಬೇಟೆ, ಪುರಾಣಕಥೆಗಳನ್ನು ಸುತ್ತಿಬಂದವರಿಗೆ ಅವನು ಕಣ್ಣಾರೆ ಕಂಡು ಬರೆದನೆಂಬುದರಲ್ಲಿ ಸಂದೇಹವಿರದು. ಬೀದರದ ಏಳು ಬಾಗಿಲುಗಳ ಮುಂದೆ ಹೊರಗುಳಿದವನನ್ನು ಇಲ್ಲಿ ಯಾತ್ರಿಕರು ತಮ್ಮೊಡನೆ ದೇವರ ಎದುರಿಗೇ ಕರೆದುಕೊಂಡು ಹೋದರು. ಸುಳ್ಳು ಹೆಸರು ಬಿಟ್ಟಮೇಲೆಯೇ ಅವನಿಗೆ ಈ ದಾರಿ ತೆರೆದುದೆಂಬುದನ್ನು ನಾನು ಆ ಬರೆಹದ ಅತ್ಯಂತ ಹಿರಿದಾದ ಭಾಗವೆಂದು ಎಣಿಸುತ್ತೇನೆ. ಅರಮನೆಯ ಬಂಗಾರದ ಕಲ್ಲುಗಳ ವರ್ಣನೆ ಇದರ ಮುಂದೆ ನನಗೆ ಮಸಕಾಗಿ ಕಾಣುತ್ತದೆ.

ಮುದುಕಿ ನನ್ನ ಮೌನವನ್ನು ಕಂಡು, “ನಿಮ್ಮವರು ಯಾರರೆ ಪರ್ವತಕ್ಕ ಹೋಗಿದ್ರೇನ್ರಿ?” ಎಂದು ಕೇಳಿದಳು.

“ನಮ್ಮವರಲ್ಲವ್ವಾ, ಬಹಳ ದೂರದೇಶದವನು ಒಬ್ಬನು ಹೋಗಿದ್ದನು. ಬಹಳ ಹಿಂದಿನ ಮಾತು. ನಮ್ಮ ಕಡೆಯ ಮಂದಿಯೇ ಕರೆದುಕೊಂಡು ಹೋಗಿದ್ದರು” ಎಂದೆನು. ಹೇಳತೊಡಗಿದ ಮೇಲೆ ನಿಲ್ಲಿಸಲಾಗಲಿಲ್ಲ. ದೋಣಿ ದೋಚಿದುದು, ಕುದುರೆ ತಂದುದು, ಊರಿನ ಹಬ್ಬ ತಿಳಿಯದೆ ನಕ್ಷತ್ರ ನೋಡಿದುದು ಎಲ್ಲವನ್ನೂ ನನಗೆ ಬಂದಂತೆ ಹೇಳಿದೆನು. ಆಕೆ ಗದ್ದಕ್ಕೆ ಕೈಯಿಟ್ಟು ಕೇಳಿದಳು.

“ಹೊಳ್ಳಿ ಊರು ಮುಟ್ಟಿದನೇನ್ರಿ?”

ಮುಟ್ಟಲಿಲ್ಲ. ಕಲಬುರಗಿ, ಆಳಂದಗಳನ್ನು ಹಾದು ದಾಭೋಳ ಬಂದರಿನಲ್ಲಿ ಹಡಗು ಹತ್ತಿದ ಅವನು, ಮೂರು ಸಮುದ್ರಗಳನ್ನು ದಾಟಿಯೂ, ಸ್ಮೊಲೆನ್ಸ್ಕ್ ಎಂಬ ಊರು ಇನ್ನೂ ಮುಂದಿರುವಾಗ ದಾರಿಯಲ್ಲಿಯೇ ತೀರಿಕೊಂಡನು. ಅವನ ಕೈಬರೆಹದ ಹಾಳೆಗಳನ್ನು ಬೇರೆ ವರ್ತಕರು ಮಾಸ್ಕೋವಿಗೆ ಒಯ್ದರು. 1475ರಲ್ಲಿ ಅವು ಅಲ್ಲಿಯ ರಾಜಲೇಖಕರ ಕೈಸೇರಿ ಚರಿತ್ರೆಯ ಕಡತದೊಳಗೆ ಉಳಿದುಕೊಂಡವು. ಇದನ್ನೆಲ್ಲ ಆಕೆಗೆ ಹೇಳದೆ, ಇಲ್ಲ, ದಾರಿಯೊಳಗೇ ಹೋದನು ಎಂದಷ್ಟೆ ಹೇಳಿದೆನು.

ಬೀದರದ ಕಡೆಯಿಂದ ಬಂದ ಬಸ್ಸು ಎದುರಿಗೆ ನಿಂತಿತು. ಮುದುಕಿ ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ಸರಿಪಡಿಸುತ್ತ, ಯಾರಿಗೂ ಅಲ್ಲವೆಂಬಂತೆ ಅಂದಳು:

“ಪರದೇಶಿ ಆಗಿ ಹೋದ ನೋಡ್ರಿ, ಪಾಪ. ಮಲ್ಲಯ್ಯನ ಮುಖಾರೆ ನೋಡಿ ಹೋದ.”